ಸರ್ಕಾರಿ ವಿಶ್ವವಿದ್ಯಾಲಯದ ಪೂರ್ಣಾವಧಿ ಎಂಬಿಎ ಸೇರಬಹುದೇ ಎಂದು ಅಳೆಯುವುದು ಹೇಗೆ?

ಮೊದಲು ಪ್ಲೇಸ್‌ಮೆಂಟ್ ವರದಿ ಕೇಳಿ. ಸರಾಸರಿ ಸಂಬಳ ಬಿಟ್ಟು ಮಧ್ಯಾಂಕ, ಅಂದರೆ ಸಂಬಳಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಸಂಬಳ, ನೋಡಿ. ನಾಲ್ಕೈದು ದೊಡ್ಡ ಆಫರ್‌ಗಳಿದ್ದರೂ ಸಾಕು, ಸರಾಸರಿ ಉಬ್ಬುತ್ತದೆ. ಶೇಕಡಾವಾರು ಲೆಕ್ಕ ಯಾರ ಮೇಲೆ ಹಾಕಿದ್ದು ಎಂಬುದೂ ಮುಖ್ಯ. 120 ಜನರ ತರಗತಿಯಲ್ಲಿ ಕೆಲಸ ಹುಡುಕಿದವರು 80, ಸಿಕ್ಕಿದ್ದು 72 ಮಂದಿಗೆ ಎಂದುಕೊಳ್ಳಿ. ವರದಿಯಲ್ಲಿ ಶೇ. 90 ಎಂದಿರುತ್ತದೆ, ಇಡೀ ತರಗತಿಗೆ ಅದು ಶೇ. 60 ಮಾತ್ರ. ಕೆಲಸ ಹುಡುಕದ 40 ಮಂದಿಯಲ್ಲಿ ಸ್ವಂತ ವ್ಯವಹಾರಕ್ಕೆ ಹೋದವರೂ ಇರಬಹುದು, ಆದರೂ ಕೇಳಲೇಬೇಕು.

ಕಡಿಮೆ ಶುಲ್ಕಕ್ಕೆ ಮರುಳಾಗಬೇಡಿ. ಈಗಾಗಲೇ ದುಡಿಯುತ್ತಿದ್ದರೆ, ಎರಡು ವರ್ಷ ಕೈಬಿಡುವ ಸಂಬಳವೇ ಶುಲ್ಕಕ್ಕಿಂತ ದೊಡ್ಡದಾಗಬಹುದು.

ಕೈಪಿಡಿಯಲ್ಲಿ ಐಚ್ಛಿಕ ವಿಷಯಗಳ ಉದ್ದ ಪಟ್ಟಿ ಇರುತ್ತದೆ. ಅಧ್ಯಾಪಕರ ಹುದ್ದೆ ಖಾಲಿ ಇದ್ದರೆ ಅವುಗಳಲ್ಲಿ ಹಲವು ನಡೆಯದೇ ಇರಬಹುದು. ಕಳೆದ ಸೆಮಿಸ್ಟರ್‌ನ ವೇಳಾಪಟ್ಟಿ ತರಿಸಿ ನೋಡಿ.