ಹತ್ತು ವರ್ಷ ಬೈದ ಕಂಪನಿಗೇ ತಮ್ಮ ಸೇರಿದ್ದಾನೆ

ಪ್ರಶ್ನೆ: ನನಗೆ ಮೂವತ್ತೊಂದು ವರ್ಷ. ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ಅವನ ಕೈಗೆ ಮೊದಲ ಬಾರಿ ಗೇಮ್ ಕಂಟ್ರೋಲರ್ ಕೊಟ್ಟವನು ನಾನೇ. ಎಲೆಕ್ಟ್ರಾನಿಕ್ ಆರ್ಟ್ಸ್, ಅಂದರೆ ಎಲ್ಲರೂ ಇಎ ಎಂದು ಕರೆಯುವ ಕಂಪನಿಯನ್ನು ಬೈಯಲು ಕಲಿಸಿದವನೂ ನಾನೇ. ಒಳ್ಳೊಳ್ಳೆಯ ಸ್ಟುಡಿಯೊಗಳನ್ನು ಕೊಂಡು ಮುಚ್ಚುವುದು, ಒಳಗೇನಿದೆ ಎಂದು ತಿಳಿಯದೆಯೇ ಹಣ ಕೊಟ್ಟು ಕೊಳ್ಳಬೇಕಾದ, ಜೂಜಿನಂತಹ ಲೂಟ್ ಬಾಕ್ಸ್‌ಗಳನ್ನು ಆಟದೊಳಗೆ ಮಾರುವುದು, ಅದೇ ಫುಟ್‌ಬಾಲ್ ಗೇಮಿಗೆ ಪ್ರತಿ ವರ್ಷ ಹೊಸ ಅಂಗಿ ತೊಡಿಸುವುದು, ಇದನ್ನೆಲ್ಲ ಆಡಿಕೊಳ್ಳುತ್ತ ನಾನೂ ನನ್ನ ಗೆಳೆಯರೂ ಎಷ್ಟೋ ಸಂಜೆಗಳನ್ನು ಕಳೆದಿದ್ದೇವೆ. ಈಗ ತಮ್ಮನಿಗೆ ಅದೇ ಕಂಪನಿಯಲ್ಲಿ ಗೇಮ್ ಪರೀಕ್ಷಕನ ಕೆಲಸ ಸಿಕ್ಕಿದೆ. ಸುದ್ದಿ ಕೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಬೇರೆಲ್ಲೂ ಸಿಗಲಿಲ್ಲವೇ?" ಅವನು ನಕ್ಕು ಸುಮ್ಮನಾದ. ಅಂದಿನಿಂದ ನನ್ನೆದುರು ಕೆಲಸದ ಮಾತೇ ಎತ್ತುವುದಿಲ್ಲ. "ಒಂದು ಒಳ್ಳೆಯ ಮಾತು ಆಡಬಾರದೇ" ಎಂದು ಅಮ್ಮ ಹೇಳುತ್ತಲೇ ಇದ್ದಾರೆ. ಸುಳ್ಳು ಹೊಗಳಿಕೆ ನನಗೆ ಬರುವುದಿಲ್ಲ. ಬಂದರೂ ಅವನು ತಕ್ಷಣ ಕಂಡುಹಿಡಿಯುತ್ತಾನೆ. ಆ ಕಂಪನಿಯಲ್ಲಿ ಮೆಚ್ಚುವಂಥದ್ದು ನಿಜಕ್ಕೂ ಏನಾದರೂ ಇದೆಯೇ?
ಒಬ್ಬ ಅಣ್ಣ

ಉತ್ತರ: ಕಂಪನಿಯ ವಿಚಾರಕ್ಕೆ ಬರುವ ಮೊದಲು ತಮ್ಮನ ವಿಚಾರ ಮುಗಿಸೋಣ. "ಅವತ್ತು ಹಾಗೆ ಅಂದದ್ದು ತಪ್ಪಾಯಿತು" ಎಂದು ಈ ವಾರವೇ ಅವನಿಗೆ ಹೇಳಿ. ಅದಕ್ಕೆ "ಆದರೆ" ಎಂಬ ಬಾಲ ಸೇರಿಸಬೇಡಿ. ಆ ಕಂಪನಿಯ ಚರಿತ್ರೆ ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ, ಪಾಠ ಮಾಡಿದ ಮೇಷ್ಟರು ನೀವೇ. ಎಲ್ಲ ತಿಳಿದೂ ಸೇರಿದ್ದಾನೆಂದರೆ, ನಿಮ್ಮ ಕಣ್ಣಿಗೆ ಬೀಳದ್ದು ಅವನ ಕಣ್ಣಿಗೆ ಬಿದ್ದಿರಬೇಕು. ಏನದು ಎಂದು ಅವನನ್ನೇ ಕೇಳಿ. ಅವನ ಉತ್ತರ ನನ್ನ ಉತ್ತರಕ್ಕಿಂತ ಚೆನ್ನಾಗಿರಬಹುದು.

ಇನ್ನು ನಿಮ್ಮ ಪ್ರಶ್ನೆ. ಮೆಚ್ಚುವಂಥದ್ದು ಇದೆ, ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ಅದನ್ನು ನೋಡಬೇಕಾದರೆ ಸಿಟ್ಟನ್ನು ಸ್ವಲ್ಪ ಅಳತೆಗೆ ತಂದುಕೊಳ್ಳಬೇಕು, ಅಷ್ಟೇ. ಅಮೆರಿಕದ ಕನ್ಸ್ಯೂಮರಿಸ್ಟ್ ಎಂಬ ಗ್ರಾಹಕರ ಜಾಲತಾಣ ನಡೆಸುತ್ತಿದ್ದ "ಅಮೆರಿಕದ ಅತಿ ಕೆಟ್ಟ ಕಂಪನಿ" ಮತದಾನದಲ್ಲಿ 2012 ಮತ್ತು 2013ರಲ್ಲಿ ಗೆದ್ದದ್ದು ಇಎ. ಎರಡು ಸಲವೂ ಕೊನೆಯ ಸುತ್ತಿನಲ್ಲಿ ಅದಕ್ಕೆ ಸೋತದ್ದು ಬ್ಯಾಂಕ್ ಆಫ್ ಅಮೆರಿಕ. 2008ರ ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕಿ ಸಾಲ ಕಟ್ಟಲಾಗದೆ ಜನ ಮನೆ ಕಳೆದುಕೊಳ್ಳುತ್ತಿದ್ದ ಕಾಲ ಅದು. ಮನೆ ಜಪ್ತಿ ಮಾಡುವವರಿಗಿಂತ ಗೇಮ್ ಮಾರುವವರು ದುಷ್ಟರು ಎಂದು ಮತ ಹಾಕಿದವರಲ್ಲಿ ನೀವೂ ಇದ್ದಿದ್ದರೆ, ಈಗಲಾದರೂ ಒಮ್ಮೆ ನಕ್ಕುಬಿಡಿ.

ಹಾಗೆಂದು ನಿಮ್ಮ ದೂರುಗಳೇನೂ ಸುಳ್ಳಲ್ಲ. ಬುಲ್‌ಫ್ರಾಗ್, ವೆಸ್ಟ್‌ವುಡ್, ಒರಿಜಿನ್, ಪ್ಯಾಂಡೆಮಿಕ್, ವಿಸೆರಲ್ ಎಂದು ಮುಚ್ಚಿದ ಸ್ಟುಡಿಯೊಗಳ ಪಟ್ಟಿ ಉದ್ದವಿದೆ. 2013ರ ಸಿಮ್‌ಸಿಟಿ ಎಂಬ ನಗರ ಕಟ್ಟುವ ಗೇಮ್ ಒಬ್ಬರೇ ಕುಳಿತು ಆಡುವುದಕ್ಕೂ ಸದಾ ಇಂಟರ್‌ನೆಟ್ ಬೇಕೆಂದಿತು, ಬಿಡುಗಡೆಯಾದ ದಿನಗಳಲ್ಲಿ ಸರ್ವರ್‌ಗಳೇ ಮಲಗಿಬಿಟ್ಟವು. 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರಲ್ಲಿ ಡಾರ್ತ್ ವೇಡರ್‌ನಂತಹ ಪಾತ್ರ ಸಿಗಲು ಹತ್ತಾರು ಗಂಟೆ ದುಡಿಯಬೇಕೇಕೆ ಎಂದು ಆಟಗಾರರು ಕೇಳಿದಾಗ, ಸಾಧನೆಯ ಹೆಮ್ಮೆ ಸಿಗಲಿ ಎಂಬ ಅರ್ಥದ ಉತ್ತರ ಕಂಪನಿಯಿಂದ ಬಂತು. ಆ ಉತ್ತರಕ್ಕೆ ರೆಡಿಟ್ ಎಂಬ ಚರ್ಚಾ ತಾಣದಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಡೌನ್‌ವೋಟ್, ಅಂದರೆ ವಿರೋಧದ ಮತ, ಬಿದ್ದು ಗಿನ್ನೆಸ್ ದಾಖಲೆಯಾಯಿತು. 2018ರಲ್ಲಿ ಬೆಲ್ಜಿಯಂ ಲೂಟ್ ಬಾಕ್ಸ್‌ಗಳನ್ನು ಜೂಜು ಎಂದು ಘೋಷಿಸಿತು. ಮರುವರ್ಷ ಇಎ ಅಲ್ಲಿ ತನ್ನ ಫುಟ್‌ಬಾಲ್ ಗೇಮಿನೊಳಗೆ ನಾಣ್ಯದಂತೆ ಬಳಸುವ ಫಿಫಾ ಪಾಯಿಂಟ್ಸ್ ಮಾರಾಟವನ್ನು ನಿಲ್ಲಿಸಬೇಕಾಯಿತು.

ಇದನ್ನೆಲ್ಲ ಮರೆತುಬಿಡಿ ಎಂದು ನಾನು ಹೇಳುವುದಿಲ್ಲ. ನನಗೂ ಆ ಕಂಪನಿಯ ಮೇಲೆ ಮಮತೆಯಿಲ್ಲ. ನನ್ನ ಆಕ್ಷೇಪ ಒಂದೇ: ಬೈಯುವಾಗ ನೀವು ಇಸವಿ, ಸ್ಟುಡಿಯೊ, ಗೇಮಿನ ಹೆಸರು ಎಲ್ಲವನ್ನೂ ಕರಾರುವಾಕ್ಕಾಗಿ ಹೇಳುತ್ತೀರಿ. ಮೆಚ್ಚುವ ಮಾತು ಬಂದಾಗ ಮಾತ್ರ "ಏನಾದರೂ ಇದೆಯೇ" ಎಂದು ಕೈಚೆಲ್ಲುತ್ತೀರಿ. ಮೆಚ್ಚುಗೆಗೂ ಅಷ್ಟೇ ಕರಾರುವಾಕ್ಕುತನ ಬೇಕು. "ನಿಮ್ಮ ಕಂಪನಿ ಪರವಾಗಿಲ್ಲವಂತೆ" ಎಂದರೆ ತಮ್ಮ ಖಂಡಿತ ಹಿಡಿಯುತ್ತಾನೆ. "ಇಂಥ ವರ್ಷ ಇಂಥವರು ಮಾಡಿದ ಇಂಥ ಕೆಲಸ ಚೆನ್ನಾಗಿತ್ತು" ಎಂದರೆ ಅದರಲ್ಲಿ ಹಿಡಿಯಲು ಸುಳ್ಳೇ ಇರುವುದಿಲ್ಲ.

ಆ ಬ್ಯಾಟಲ್‌ಫ್ರಂಟ್ 2ರಿಂದಲೇ ಶುರು ಮಾಡಿ. ಗದ್ದಲ ಅಡಗಿದ ಮೇಲೆ ಅದೇ ಗೇಮಿಗೆ ಏನಾಯಿತೆಂದು ನಿಮ್ಮ ಗೆಳೆಯರ ಬಳಗದಲ್ಲಿ ಯಾರಾದರೂ ಹೇಳಿದ್ದುಂಟೇ? ಆಟದೊಳಗೆ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆಯನ್ನು ಬಿಡುಗಡೆಯ ಹೊಸ್ತಿಲಲ್ಲೇ ತೆಗೆದರು. 2018ರ ಮಾರ್ಚ್‌ನಲ್ಲಿ ಆಟದಲ್ಲಿ ಮುಂದುವರಿಯುವ ಕ್ರಮವನ್ನೇ ಬದಲಿಸಿದರು. ಆ ಗೇಮ್ ಮಾಡಿದ ಡೈಸ್ ಸ್ಟುಡಿಯೊದವರು 2020ರವರೆಗೆ ಹೊಸ ಪಾತ್ರಗಳನ್ನೂ ರಣರಂಗಗಳನ್ನೂ ಉಚಿತವಾಗಿ ಸೇರಿಸುತ್ತ ಹೋದರು. ಬೈಗುಳದಿಂದ ಬೆದರಿದ ಕಂಪನಿ ಹಾಗೆ ಮಾಡಿತು, ಅದರಲ್ಲೇನು ದೊಡ್ಡಸ್ತಿಕೆ ಎನ್ನುತ್ತೀರಿ. ಒಪ್ಪುತ್ತೇನೆ. ಆದರೆ ತಿದ್ದಿದ ಕೈಗಳು ನಿರ್ಧಾರ ಮಾಡಿದವರವಲ್ಲ. ಜಗತ್ತೆಲ್ಲ ಉಗಿದ ಗೇಮನ್ನು ಎರಡು ವರ್ಷ ಬಿಡದೆ ತಿದ್ದುತ್ತ ಕೂರಲು ಒಂದು ಬಗೆಯ ಹಟ ಬೇಕು. ನಿಮ್ಮ ತಮ್ಮ ಸೇರಿರುವುದು ಅಂಥವರ ಸಾಲಿಗೆ.

ನಿಮ್ಮಂಥವರಿಗೆ ಇನ್ನೂ ಹೆಚ್ಚು ನಾಟಬಹುದಾದದ್ದು ವೆಸ್ಟ್‌ವುಡ್ ಕಥೆ. ಕಮಾಂಡ್ ಆ್ಯಂಡ್ ಕಾಂಕರ್ ಎಂಬ ಯುದ್ಧತಂತ್ರದ ಗೇಮ್ ಸರಣಿ ಕೊಟ್ಟ ಆ ಸ್ಟುಡಿಯೊವನ್ನು ಇಎ 1998ರಲ್ಲಿ ಕೊಂಡು 2003ರಲ್ಲಿ ಮುಚ್ಚಿತು. ಇಷ್ಟು ನೀವು ಬಾಯಿಪಾಠ ಮಾಡಿದ್ದೀರಿ. ಹೊರಬಿದ್ದವರಲ್ಲಿ ಕೆಲವರು ಅದೇ ವರ್ಷ ಪೆಟ್ರೊಗ್ಲಿಫ್ ಎಂಬ ಸ್ವಂತ ಸ್ಟುಡಿಯೊ ಕಟ್ಟಿದರು. ಮುಂದೆ ಹಳೆಯ ಗೇಮ್‌ಗಳಿಗೆ ಹೊಸ ರೂಪ ಕೊಡಬೇಕೆಂದಾಗ ಇಎ ಹೋಗಿ ತಟ್ಟಿದ್ದು ಅವರದೇ ಬಾಗಿಲು. ಮೂಲ ಸಂಗೀತ ಮಾಡಿದ ಫ್ರ್ಯಾಂಕ್ ಕ್ಲೆಪಾಕಿಯೇ ಮತ್ತೆ ಬಂದು ಸಂಗೀತಕ್ಕೆ ಕೈಹಚ್ಚಿದರು, ಹಳೆಯ ಅಭಿಮಾನಿಗಳ ಒಂದು ತಂಡವನ್ನು ಕೂರಿಸಿಕೊಂಡು ಅಭಿಪ್ರಾಯ ಕೇಳಿದರು. 2020ರಲ್ಲಿ ಬಂದ ಆ ಹೊಸ ಆವೃತ್ತಿಯಲ್ಲಿ ಲೂಟ್ ಬಾಕ್ಸ್ ಇರಲಿಲ್ಲ. ಜೊತೆಗೆ ಅದರ ಸೋರ್ಸ್ ಕೋಡ್‌ನ, ಅಂದರೆ ಗೇಮನ್ನು ಬರೆದ ಮೂಲ ಪ್ರೋಗ್ರಾಮಿನ, ಮುಖ್ಯ ಭಾಗಗಳನ್ನು ಯಾರು ಬೇಕಾದರೂ ಬಳಸಿ ತಿದ್ದಲು ಬಿಡುವ ಜಿಪಿಎಲ್ ಪರವಾನಗಿಯಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. 2025ರ ಫೆಬ್ರುವರಿಯಲ್ಲಿ ಜನರಲ್ಸ್, ರೆನೆಗೇಡ್ ಸೇರಿದಂತೆ ಆ ಸರಣಿಯ ಇನ್ನಷ್ಟು ಗೇಮ್‌ಗಳ ಕೋಡ್ ಹೊರಬಂತು. ದೊಡ್ಡ ಪ್ರಕಾಶನ ಕಂಪನಿಗಳು ಹಳೆಯ ಕೋಡನ್ನು ಬೀರುವಿನಲ್ಲಿಟ್ಟು ಬೀಗದ ಕೈ ಕಳೆದುಕೊಳ್ಳುವುದೇ ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಕಂಪನಿ ನಾಳೆ ಕೈಬಿಟ್ಟರೂ ಆಟಗಾರರೇ ಆ ಗೇಮ್‌ಗಳನ್ನು ಉಳಿಸಿಕೊಳ್ಳಬಹುದು. ಮುಚ್ಚಿದ ತಪ್ಪು ಇದರಿಂದ ಅಳಿಸಿಹೋಯಿತೇ? ಇಲ್ಲ. 2003 ತನ್ನ ಜಾಗದಲ್ಲೇ ಇದೆ, 2020 ಕೂಡ ತನ್ನ ಜಾಗದಲ್ಲಿದೆ. ಕೂಡಿಸಿ ಕಳೆಯುವ ಲೆಕ್ಕ ಇಲ್ಲಿ ಬೇಡ.

2021ರ ಆಗಸ್ಟ್‌ನ ಇನ್ನೊಂದು ಕೆಲಸ ಇದಕ್ಕಿಂತ ಕಡಿಮೆ ಸದ್ದು ಮಾಡಿತು. ಇಎ ತನ್ನ ಐದು ಪೇಟೆಂಟ್‌ಗಳನ್ನು ಪ್ರತಿಸ್ಪರ್ಧಿಗಳೂ ಉಚಿತವಾಗಿ ಬಳಸಬಹುದೆಂದು ಘೋಷಿಸಿತು. ಅದರಲ್ಲೊಂದು ಅಪೆಕ್ಸ್ ಲೆಜೆಂಡ್ಸ್ ಎಂಬ ಗುಂಡಿನ ಕಾಳಗದ ಗೇಮಿನ ಪಿಂಗ್ ವ್ಯವಸ್ಥೆ. ಮಾತನಾಡಲಾಗದವರು, ಕಿವಿ ಕೇಳಿಸದವರು ಬಟನ್ ಒತ್ತಿಯೇ ಜೊತೆಗಾರರಿಗೆ ಶತ್ರುವನ್ನೋ ಆಯುಧವನ್ನೋ ತೋರಿಸಬಲ್ಲರು. ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣದವರಿಗೆ ನೆರವಾಗುವ ತಂತ್ರಗಳೂ ಆ ಐದರಲ್ಲಿದ್ದವು. ಪೇಟೆಂಟ್ ಹಿಡಿದು ದಾವೆ ಹೂಡುವ ಉದ್ಯಮದಲ್ಲಿ ಇದು ಸಣ್ಣ ಮಾತಲ್ಲ. ಗೇಮ್ ಹಿಡಿಸದಿದ್ದರೆ ಹಣ ವಾಪಸ್ ಕೊಡುವ ಪದ್ಧತಿಯನ್ನೂ ಇಎ ತನ್ನ ಕೆಲವು ಗೇಮ್‌ಗಳಿಗೆ 2013ರಲ್ಲೇ ತಂದಿತ್ತು. ನೀವೆಲ್ಲ ಕೊಂಡಾಡುವ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ಆ ದಾರಿಗೆ ಬಂದದ್ದು 2015ರಲ್ಲಿ. ಇದನ್ನು ಗೆಳೆಯರ ಮುಂದೆ ಹೇಳಿ, ಅವರ ಮುಖ ನೋಡುವುದೂ ಒಂದು ಮನರಂಜನೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ, 1982ರಲ್ಲಿ ಆ್ಯಪಲ್‌ನಿಂದ ಹೊರಬಂದ ಟ್ರಿಪ್ ಹಾಕಿನ್ಸ್ ಈ ಕಂಪನಿ ಕಟ್ಟಿದಾಗ ಅದರ ಹೆಗ್ಗಳಿಕೆಯೇ ಗೇಮ್ ಮಾಡುವವರನ್ನು ಕಲಾವಿದರೆಂದು ಕಂಡದ್ದು. ಸಂಗೀತದ ಆಲ್ಬಮ್‌ನಂತಹ ಲಕೋಟೆ, ಅದರ ಮೇಲೆ ಮಾಡಿದವರ ಹೆಸರು. ಅಟಾರಿಯಂಥ ಕಂಪನಿ ಗೇಮ್ ಬರೆದವರ ಹೆಸರನ್ನೇ ಹಾಕದಿದ್ದುದಕ್ಕೆ ಜನ ಕೆಲಸ ಬಿಟ್ಟು ಹೋಗಿದ್ದ ದಿನಗಳು ಅವು. ಸಿಮ್‌ಸಿಟಿಯ ಜನಕ ವಿಲ್ ರೈಟ್ ತಮ್ಮ ಬೊಂಬೆ ಮನೆಯಂತಹ ಗೇಮಿನ ಯೋಚನೆ ಮುಂದಿಟ್ಟಾಗ ಅವರ ಸ್ಟುಡಿಯೊ ಮ್ಯಾಕ್ಸಿಸ್‌ನ ನಿರ್ದೇಶಕ ಮಂಡಳಿ ಮೂಗು ಮುರಿದಿತ್ತು. 1997ರಲ್ಲಿ ಮ್ಯಾಕ್ಸಿಸ್ ಕೊಂಡ ಇಎ ಅದಕ್ಕೆ ಕಿವಿಗೊಟ್ಟಿತು. 2000ದಲ್ಲಿ ದಿ ಸಿಮ್ಸ್ ಬಂತು. ಗುಂಡು ಹಾರಿಸುವುದರಲ್ಲಿ ಯಾವ ಆಸಕ್ತಿಯೂ ಇಲ್ಲದ ಎಷ್ಟೋ ಜನ ಗೇಮ್ ಲೋಕದೊಳಗೆ ಕಾಲಿಟ್ಟದ್ದು ಆ ಬಾಗಿಲಿನಿಂದ.

ಇಷ್ಟನ್ನೂ ಒಂದೇ ಉಸಿರಿಗೆ ತಮ್ಮನ ಮುಂದೆ ಒಪ್ಪಿಸಬೇಡಿ. ಹಾಗೆ ಮಾಡಿದರೆ ಯಾರೋ ಬರೆದುಕೊಟ್ಟ ಭಾಷಣ ಎಂದು ಗೊತ್ತಾಗುತ್ತದೆ. ನಿಮ್ಮ ಮನಸ್ಸು ಒಪ್ಪಿದ್ದು ಒಂದೇ ಇದ್ದರೂ ಸಾಕು, ಅದನ್ನು ಮಾತ್ರ ಹೇಳಿ.

ಅದಕ್ಕಿಂತ ಒಳ್ಳೆಯ ಉಪಾಯ, ಇಬ್ಬರೂ ಕೂಡಿ ಇಟ್ ಟೇಕ್ಸ್ ಟೂ ಆಡುವುದು. 2021ರ ಈ ಗೇಮನ್ನು ಮಾಡಿದ್ದು ಸ್ವೀಡನ್‌ನ ಹೇಜ್‌ಲೈಟ್ ಸ್ಟುಡಿಯೊ, ಹೊರತಂದದ್ದು ಇಎ. ವಿಚ್ಛೇದನದ ಹೊಸ್ತಿಲಲ್ಲಿರುವ ಗಂಡ ಹೆಂಡತಿ ಮಗಳ ಕಣ್ಣೀರಿನಿಂದ ಬೊಂಬೆಗಳಾಗಿಬಿಡುತ್ತಾರೆ, ಒಬ್ಬರಿಗೊಬ್ಬರು ನೆರವಾಗದೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿಲ್ಲ. ಒಬ್ಬರೇ ಆಡಲು ಸಾಧ್ಯವೇ ಇಲ್ಲದ ಗೇಮ್ ಅದು. ಒಬ್ಬರು ಕೊಂಡರೆ ಸಾಕು, ಫ್ರೆಂಡ್ಸ್ ಪಾಸ್ ಮೂಲಕ ಇನ್ನೊಬ್ಬರು ಉಚಿತವಾಗಿ ಸೇರಿಕೊಳ್ಳಬಹುದು. ಹಣ ಕೀಳುವುದರಲ್ಲಿ ನಿಸ್ಸೀಮ ಎಂದು ನೀವು ಹೇಳುವ ಕಂಪನಿ, ಎರಡು ಪ್ರತಿ ಮಾರಬಹುದಾದ ಕಡೆ ಒಂದನ್ನೇ ಮಾರಿದೆ. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಯೂ ಅದಕ್ಕೇ ಬಂತು. ಹಾಕಿದ ಬಂಡವಾಳ ವಾಪಸಾದ ಮೇಲಿನ ಲಾಭ ಸಣ್ಣ ಸ್ಟುಡಿಯೊಗಳಿಗೇ ಸೇರಲಿ ಎಂಬ ಮಾತಿನೊಂದಿಗೆ 2016ರಲ್ಲಿ ಶುರುವಾದ ಇಎ ಒರಿಜಿನಲ್ಸ್ ಯೋಜನೆಯ ಫಲ ಅದು. ಆಡುತ್ತ ಆಡುತ್ತ ನೀವಿಬ್ಬರೂ ಜಗಳವಾಡುವುದು ಖಚಿತ. ಗೇಮಿನೊಳಗಿನ ಜಗಳ ಒಳ್ಳೆಯದೇ, ಈಗಿನ ಮೌನಕ್ಕಿಂತ ವಾಸಿ.

ಗೆಳೆಯರ ಬಗ್ಗೆ ಹೆಚ್ಚು ಹೇಳುವುದಿಲ್ಲ. "ನನ್ನ ತಮ್ಮ ಅಲ್ಲಿದ್ದಾನೆ" ಎಂದು ಒಮ್ಮೆ ಹೇಳಿ. ಕಂಪನಿಯನ್ನು ಬೈಯಲಿ, ಅಲ್ಲಿ ದುಡಿಯುವವರನ್ನು ಬೈದರೆ ತಡೆಯಿರಿ.

ನಿಮ್ಮ ಹಳೆಯ ಸಿಟ್ಟಿಗೆ ಒಂದು ಒಳ್ಳೆಯ ಉಪಯೋಗವೂ ಇದೆ. 2004ರಲ್ಲಿ ಇಎ ಉದ್ಯೋಗಿಯೊಬ್ಬರ ಭಾವಿ ಪತ್ನಿ ಹೆಸರು ಮರೆಮಾಚಿ ಬರೆದ ಬಹಿರಂಗ ಪತ್ರ ನಿಮಗೆ ನೆನಪಿರಬಹುದು. ಕೆಲಸದ ಅವಧಿ ವಾರಕ್ಕೆ 85 ಗಂಟೆ ಮುಟ್ಟಿದೆ, ಹೆಚ್ಚುವರಿ ದುಡಿಮೆಗೆ ಕೂಲಿಯಿಲ್ಲ ಎಂಬ ಅಳಲು ಅದು. ಅದೇ ಸುಮಾರಿಗೆ ಹೂಡಿದ ಮೊಕದ್ದಮೆಗಳಲ್ಲಿ ಗ್ರಾಫಿಕ್ಸ್ ಕಲಾವಿದರ ದಾವೆ 1.56 ಕೋಟಿ ಡಾಲರ್‌ಗೂ ಪ್ರೋಗ್ರಾಮರ್‌ಗಳ ದಾವೆ 1.49 ಕೋಟಿ ಡಾಲರ್‌ಗೂ ರಾಜಿಯಾದವು. ಹಾಗಾಗಿ ತಮ್ಮನನ್ನು ಕೇಳಬೇಕಾದ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ಕೆಲಸ ಕಾಯಮ್ಮೋ ಗುತ್ತಿಗೆಯೋ? ಬಿಡುಗಡೆ ಹತ್ತಿರ ಬಂದಾಗ ಮನೆಗೆ ಎಷ್ಟು ಹೊತ್ತಿಗೆ ಬರುತ್ತಾನೆ? ಹೆಚ್ಚುವರಿ ಗಂಟೆಗಳಿಗೆ ಹಣ ಕೊಡುತ್ತಾರೆಯೇ? ಗೇಮ್ ಉದ್ಯಮದಲ್ಲಿ ಪರೀಕ್ಷಕರನ್ನು ಮೊದಲು ಕೈಬಿಡುವುದು ಹೊಸದೇನಲ್ಲ. 5,500 ಕೋಟಿ ಡಾಲರ್‌ಗೆ ಇಎಯನ್ನು ಕೊಳ್ಳುವ ಒಪ್ಪಂದವೂ 2025ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾಗಿದೆ. ಒಡೆತನ ಬದಲಾಗುವಾಗ ಕೆಳಗಿನವರಿಗೆ ಅಳುಕು ಇದ್ದೇ ಇರುತ್ತದೆ. ಹತ್ತು ವರ್ಷ ಕಂಪನಿಯ ಹುಳುಕು ಎಣಿಸಿದ ಅಣ್ಣ ಆ ಅಳುಕನ್ನು ಬೇರೆಲ್ಲರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲ.

ಅವನ ಕೆಲಸದ ಬಗ್ಗೆಯೂ ಕೇಳಿ. ಪರೀಕ್ಷಕನೆಂದರೆ ದಿನವಿಡೀ ಆಟವಾಡಿ ಸಂಬಳ ಎಣಿಸುವವನು ಎಂದುಕೊಂಡವರೇ ಹೆಚ್ಚು. ಒಂದೇ ಬಾಗಿಲನ್ನು ನೂರು ಸಲ ತೆರೆದು, ಯಾವ ಸಲ ಗೋಡೆಯೊಳಗೆ ಸಿಕ್ಕಿಕೊಂಡಿತು, ಅದಕ್ಕೆ ಮುನ್ನ ಏನೇನು ಒತ್ತಿದೆ ಎಂದು ಬರೆದಿಡುವ ಕೆಲಸ ಅದು. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಹಿಡಿದ ದೋಷ ನಿಮ್ಮವರೆಗೆ ಬರುವುದೇ ಇಲ್ಲವಲ್ಲ.

ಒಂದು ಎಚ್ಚರಿಕೆ ಇರಲಿ. ಬಿಡುಗಡೆಯಾಗದ ಗೇಮ್‌ಗಳ ಬಗ್ಗೆ ಬಾಯಿ ಬಿಡುವುದಿಲ್ಲವೆಂದು ಇಂಥ ಕೆಲಸದವರಿಂದ ಸಹಿ ಹಾಕಿಸಿಕೊಳ್ಳುವುದು ವಾಡಿಕೆ. ಮಾತಿನ ನಡುವೆ ಅವನು ತಟ್ಟನೆ ನಿಂತರೆ ಕೆದಕಬೇಡಿ, ಅದನ್ನು ಮುನಿಸೆಂದೂ ತಿಳಿಯಬೇಡಿ. ಇಷ್ಟು ವರ್ಷ ಆ ಕಂಪನಿಯ ಹೆಸರೆತ್ತಿದರೆ ಸಿಡುಕುತ್ತಿದ್ದ ನಿಮ್ಮ ಗೆಳೆಯರೇ "ಮುಂದಿನ ಗೇಮ್ ಯಾವುದಂತೆ, ತಮ್ಮನನ್ನು ಸ್ವಲ್ಪ ಕೇಳು" ಎಂದು ನಿಮ್ಮ ಬೆನ್ನು ಬೀಳುತ್ತಾರೆ. ಗೊತ್ತಿಲ್ಲ ಎಂದುಬಿಡಿ.