ಸೊಂಟದ ಮೂಳೆ ಕೂಡಿಲ್ಲ, ಕೀಲೇ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರದ ಹಳ್ಳಿ. ಯಜಮಾನರಿಗೆ 42 ವರ್ಷ. ಹೋದ ಮಳೆಗಾಲದಲ್ಲಿ ತೋಟದ ಸಂಕದಿಂದ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಮೂರು ಸ್ಕ್ರೂ ಹಾಕಿದರು. ಎಂಟು ತಿಂಗಳಾದರೂ ನೋವಿದೆ, ಕಾಲು ಗಿಡ್ಡವಾಗಿದೆ. ಮೂಳೆ ಕೂಡಿಲ್ಲವಂತೆ. ಒಬ್ಬ ಡಾಕ್ಟರು ಕೀಲು ಬದಲಿಸಬೇಕು ಅನ್ನುತ್ತಾರೆ. ಇನ್ನೊಬ್ಬರು ಮೂಳೆ ಕತ್ತರಿಸಿ ಕೂಡಿಸಬಹುದು ಅನ್ನುತ್ತಾರೆ. ಮುರಿದ ಮೂಳೆಯನ್ನು ಮತ್ತೆ ಕತ್ತರಿಸುವುದಾ? ಭಯವಾಗುತ್ತಿದೆ.

ಉತ್ತರ: ಮೂರು ಸ್ಕ್ರೂ ಅಂದಿದ್ದೀರಿ. ಹಾಗಾದರೆ ಮುರಿದಿರುವುದು ತೊಡೆಮೂಳೆಯ ಕುತ್ತಿಗೆ ಇರಬೇಕು. ಅದರ ಮೇಲೆ, ಸೊಂಟದ ಕೀಲಿನೊಳಗೆ ಕೂರುವ ಚೆಂಡಿನಂಥ ಗುಂಡು ಇದೆ. ಆ ಗುಂಡಿನೊಳಗೆ ರಕ್ತ ಹೋಗುವುದು ಕುತ್ತಿಗೆಗೆ ಅಂಟಿಕೊಂಡ ಸಣ್ಣ ನಾಳಗಳಿಂದ. ಮೂಳೆ ಮುರಿದಾಗ ಅವೂ ಹರಿಯಬಹುದು. ಹಾಗಾಗಿ ಸ್ಕ್ರೂ ಸರಿಯಾಗಿ ಕೂತಿದ್ದರೂ ಕೆಲವರಿಗೆ ಈ ಮೂಳೆ ಕೂಡುವುದಿಲ್ಲ.

ಇನ್ನೊಂದು ಕಾರಣ ಬಿರುಕಿನ ಓರೆ. ಜರ್ಮನಿಯ ಪಾವೆಲ್ಸ್ ಎಂಬ ವೈದ್ಯರು 1935ರಲ್ಲೇ ಇದನ್ನು ಡಿಗ್ರಿ ಲೆಕ್ಕದಲ್ಲಿ ವಿಂಗಡಿಸಿದ್ದರು. 50 ಡಿಗ್ರಿ ದಾಟಿದರೆ ಕಷ್ಟ ಜಾಸ್ತಿ. ನಿಮ್ಮೂರಿನ ಮುರಕಲ್ಲಿನ ಗೋಡೆ ನೆನೆಸಿಕೊಳ್ಳಿ. ಕಲ್ಲನ್ನು ಓರೆಯಾಗಿ ಇಟ್ಟರೆ ಮೇಲಿನ ಭಾರಕ್ಕೆ ಜಾರುತ್ತದೆ, ಅಲ್ವಾ? ಮಟ್ಟಸವಾಗಿ ಇಟ್ಟರೆ ಅದೇ ಭಾರ ಕಲ್ಲನ್ನು ಒತ್ತಿ ಕೂರಿಸುತ್ತದೆ.

ಎರಡನೇ ಡಾಕ್ಟರು ಹೇಳಿದ್ದು ಇದೇ ಕೆಲಸ. ಕತ್ತರಿಸುವುದು ಕೂಡದೆ ಉಳಿದ ಜಾಗವನ್ನಲ್ಲ. ಅದರ ಕೆಳಗೆ, ರಕ್ತ ಚೆನ್ನಾಗಿ ಓಡಾಡುವ ಕಡೆ. ಅಲ್ಲಿ ಹೊರಬದಿಯಿಂದ ಬೆಣೆಯಷ್ಟು ಮೂಳೆ ತೆಗೆದು, ಮೇಲಿನ ತುಂಡನ್ನು ಓಲಿಸಿ, ಪ್ಲೇಟ್ ಹಾಕುತ್ತಾರೆ. ಬಿರುಕು ಮಟ್ಟಸವಾಗುತ್ತದೆ. ಮೈಭಾರವೇ ಅದನ್ನು ಒತ್ತಿ ಹಿಡಿಯುತ್ತದೆ. ಗಿಡ್ಡವಾದ ಕಾಲೂ ಸ್ವಲ್ಪ ಉದ್ದವಾಗುತ್ತದೆ. ಈ ಆಪರೇಷನ್ ಆದ ಬಹುಪಾಲು ಜನರಿಗೆ ಮೂಳೆ ಕೂಡುತ್ತದೆ. ಕುತ್ತಿಗೆಯ ಮೂಳೆ ತುಂಬಾ ಸವೆದಿದ್ದರೆ ಕಾಲಿನ ಸಣ್ಣ ಮೂಳೆಯ ತುಂಡನ್ನು ಒಳಗೆ ತೂರಿಸುವುದೂ ಉಂಟು.

65 ದಾಟಿದವರಾಗಿದ್ದರೆ ಕೀಲು ಬದಲಿಸಿ, ಬೇಗ ನಡೆಯುತ್ತಾರೆ ಅಂತ ನಾನೇ ಹೇಳುತ್ತಿದ್ದೆ. ಆದರೆ 42ಕ್ಕೆ ಹಾಕಿದ ಕೀಲು ಮುಂದೆ ಸವೆದು ಮತ್ತೆ ಬದಲಿಸಬೇಕಾಗಬಹುದು. ತೋಟದ ಕೆಲಸ ಬೇರೆ. ಸ್ವಂತ ಗುಂಡು ಜೀವಂತ ಇದ್ದರೆ ಅದನ್ನು ಉಳಿಸುವ ಪ್ರಯತ್ನ ಮೊದಲು ಮಾಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗುಂಡು ಸತ್ತು ಕುಸಿದಿದ್ದರೆ ಮಾತ್ರ ಕೀಲು ಬದಲಿಸುವುದೇ ಸರಿ. ಇದು ಎಂಆರ್‌ಐಯಲ್ಲಿ ತಿಳಿಯುತ್ತದೆ. ಸ್ಕ್ರೂ ಇರುವುದರಿಂದ ಚಿತ್ರ ಸ್ವಲ್ಪ ಮಸುಕಾಗಬಹುದು. ಸೋಂಕು ಇಲ್ಲವೆಂದು ತಿಳಿಯಲು ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮೊದಲೇ ಆಗಬೇಕು.

ಒಂದು ಮಾತು ಮುಚ್ಚಿಡುವುದಿಲ್ಲ. ಮೂಳೆ ಕೂಡಿದ ಮೇಲೂ ಕೆಲವರಿಗೆ ಗುಂಡು ಕುಸಿಯುತ್ತದೆ. ಆಗ ಕೀಲು ಬದಲಿಸಲೇಬೇಕು, ಆ ಆಪರೇಷನ್ ಸ್ವಲ್ಪ ಕಷ್ಟವೂ ಆಗುತ್ತದೆ.

ಯಜಮಾನರು ಬೀಡಿ ಸೇದುತ್ತಾರಾ? ಎಲೆಯಡಿಕೆಗೆ ಹೊಗೆಸೊಪ್ಪು ಹಾಕುತ್ತಾರಾ? ಇವತ್ತೇ ಬಿಡಿಸಿ. ನಿಕೋಟಿನ್ ಮೂಳೆ ಕೂಡುವುದಕ್ಕೆ ಅಡ್ಡಿ. ಎಣ್ಣೆ ಹಚ್ಚಿ ಸೊಂಟ ತಿರುವಿಸುವುದೂ ಬೇಡ.

ಡಾಕ್ಟರ ಹತ್ತಿರ ಹೋಗುವಾಗ ಮೊದಲ ದಿನದ್ದೂ ಸೇರಿಸಿ ಎಲ್ಲಾ ಎಕ್ಸ್‌ರೇ ಒಯ್ಯಿರಿ. ಸ್ಕ್ರೂ ಯಾವ ಕಂಪನಿಯದು, ಎಷ್ಟು ಅಳತೆ ಎಂದು ಬರೆದ ಚೀಟಿ ಡಿಸ್ಚಾರ್ಜ್ ಕಾಗದದ ಜೊತೆ ಇರಬಹುದು, ಹುಡುಕಿ. ಅದು ಸಿಕ್ಕರೆ ಹಳೆ ಸ್ಕ್ರೂ ಬಿಚ್ಚಲು ಸರಿಹೊಂದುವ ಸ್ಕ್ರೂಡ್ರೈವರನ್ನು ಮೊದಲೇ ತರಿಸಿಟ್ಟುಕೊಳ್ಳುತ್ತಾರೆ.