ಕೇಬಲ್ ಫ್ರಾಂಚೈಸಿ ರಾಜ್ಯದ ಕೈಗೆ ಹೋದ ಮೇಲೆ ಊರಿಗೆ ಉಳಿದದ್ದೇನು?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಹೊಸ ಕಂಪನಿಯೊಂದು ನಮ್ಮ ಬೀದಿಗೆ ಕೇಬಲ್ ಎಳೆಯುತ್ತಿದೆ, ಮನೆ ಮುಂದಿನ ಫುಟ್‌ಪಾತ್ ಮೇಲೆ ಬಾಕ್ಸ್ ಕೂರಿಸುತ್ತದಂತೆ. ಸಿಟಿ ಹಾಲ್‌ನಲ್ಲಿ ವಿಚಾರಿಸಿದರೆ ‘ಫ್ರಾಂಚೈಸಿ ಕೊಟ್ಟಿದ್ದು ನಾವಲ್ಲ, ರಾಜ್ಯ’ ಅಂತಾರೆ. ಹಾಗಾದರೆ ತಡೆಯುವವರು ಯಾರು?

ಉತ್ತರ: ಅವರು ಹೇಳಿದ್ದು ನಿಜ, ಆದರೆ ಅರ್ಧ ನಿಜ. 1984ರ ಫೆಡರಲ್ ಕೇಬಲ್ ಕಾಯ್ದೆಯ ಪ್ರಕಾರ ಊರೂರಿನ ಆಡಳಿತವೇ ಕಂಪನಿಗಳ ಜೊತೆ ಕೂತು ಫ್ರಾಂಚೈಸಿ, ಅಂದರೆ ಊರಿನ ರಸ್ತೆ ಬಳಸಿ ಕೇಬಲ್ ಟಿವಿ ಸೇವೆ ಕೊಡುವ ಅನುಮತಿಯ ಕರಾರು ಮಾಡಿಕೊಳ್ಳುತ್ತಿತ್ತು. ಒಂದೇ ಕಂಪನಿಗೆ ಊರನ್ನು ಬರೆದುಕೊಡುವ ಏಕಸ್ವಾಮ್ಯದ ಕರಾರನ್ನು ಸಂಸತ್ತು 1992ರಲ್ಲಿ ನಿಷೇಧಿಸಿತು. ಆಮೇಲೆ ಟಿವಿ ವ್ಯವಹಾರಕ್ಕೆ ಇಳಿದ ಫೋನ್ ಕಂಪನಿಗಳು, ನೂರಾರು ಊರುಗಳ ಜೊತೆ ಒಂದೊಂದಾಗಿ ಮಾತುಕತೆ ನಡೆಸುತ್ತ ಕೂತರೆ ಪೈಪೋಟಿ ಬರುವುದು ಯಾವಾಗ ಎಂದು ಶಾಸಕರ ಬೆನ್ನು ಹತ್ತಿದವು. 2005ರಲ್ಲಿ ಟೆಕ್ಸಾಸ್ ಮೊದಲು ರಾಜ್ಯಮಟ್ಟದ ಫ್ರಾಂಚೈಸಿ ತಂದಿತು. 2006ರಲ್ಲಿ ಕ್ಯಾಲಿಫೋರ್ನಿಯಾ ಅಂಥದೇ ‘ಡಿವ್ಕಾ’ (ಡಿಜಿಟಲ್ ಇನ್‌ಫ್ರಾಸ್ಟ್ರಕ್ಚರ್ ಅಂಡ್ ವಿಡಿಯೊ ಕಾಂಪಿಟಿಷನ್ ಆ್ಯಕ್ಟ್) ಕಾಯ್ದೆ ಮಾಡಿತು. ಇಲ್ಲಿ ಅರ್ಜಿ ಹೋಗುವುದು ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್‌ಗೆ. ಅರ್ಜಿ ಪೂರ್ತಿಯಾಗಿದೆಯೋ ಇಲ್ಲವೋ ಎಂದು ಅದು 30 ದಿನದೊಳಗೆ ಹೇಳಬೇಕು. ಪೂರ್ತಿಯಾಗಿದ್ದರೆ ಮುಂದಿನ ಎರಡು ವಾರದಲ್ಲಿ 10 ವರ್ಷದ ಫ್ರಾಂಚೈಸಿ ಕೈಗೆ ಬರುತ್ತದೆ. ಊರಿಗೆ ಅರ್ಜಿಯ ಪ್ರತಿ ಬರುತ್ತದೆ, ಹೊಸ ಷರತ್ತು ಹಾಕುವ ಅಧಿಕಾರ ಇಲ್ಲ.

ರಸ್ತೆ ಮಾತ್ರ ಇನ್ನೂ ಊರಿನದೇ. ಅಗೆಯಲು, ಬಾಕ್ಸ್ ಕೂರಿಸಲು ಸ್ಥಳೀಯ ಪರ್ಮಿಟ್ ಬೇಕೇ ಬೇಕು. ಪೂರ್ತಿ ಅರ್ಜಿ ಬಂದ 60 ದಿನದಲ್ಲಿ ಊರು ಹೂಂ ಅಥವಾ ಊಹೂಂ ಅನ್ನಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2011ರಲ್ಲಿ ಫೋನ್ ಕಂಪನಿ ಎಟಿ ಅಂಡ್ ಟಿ 726 ಬಾಕ್ಸ್‌ಗಳ ಯೋಜನೆ ತಂದಾಗ ಜಗಳ ನಡೆದದ್ದೆಲ್ಲ ಈ ಹಂತದಲ್ಲೇ. ಒಂದೊಂದು ಬಾಕ್ಸ್ ಫ್ರಿಜ್‌ನಷ್ಟು ದೊಡ್ಡದು, ನಿವಾಸಿಗಳ ಸಂಘಗಳು ಕೋರ್ಟಿಗೂ ಹೋದವು.

ನೀವು ಹೋಗಬೇಕಾದ್ದು ಪಬ್ಲಿಕ್ ವರ್ಕ್ಸ್ ವಿಭಾಗಕ್ಕೆ, ಕೌನ್ಸಿಲ್ ಸಭೆಗಲ್ಲ. ಪರ್ಮಿಟ್ ಅರ್ಜಿಯ ಸಂಖ್ಯೆ ಮತ್ತು ನಕ್ಷೆ ಕೇಳಿ ಪಡೆಯಿರಿ. ಬಾಕ್ಸ್ ಬರುವ ಜಾಗದಲ್ಲಿ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ: ಗಾಲಿಕುರ್ಚಿಗೆ ದಾರಿ ಎಷ್ಟು ಉಳಿಯುತ್ತದೆ, ಡ್ರೈವ್‌ವೇಯಿಂದ ಹೊರಬರುವವರಿಗೆ ರಸ್ತೆ ಕಾಣುತ್ತದೆಯೇ ಎನ್ನುವುದು ಅದರಲ್ಲಿ ಗೊತ್ತಾಗಬೇಕು. ‘ನಮಗೆ ಈ ಕಂಪನಿ ಬೇಡ’ ಎಂದು ಬರೆದರೆ ಕಡತಕ್ಕೆ ಸೇರುತ್ತದೆ ಅಷ್ಟೆ. ‘ಇದನ್ನು ಹನ್ನೆರಡು ಅಡಿ ಆಚೆ ಸರಿಸಿ’ ಎಂದು ಬರೆದರೆ ಎಂಜಿನಿಯರ್ ಓದುತ್ತಾರೆ.

ಪ್ರಶ್ನೆ: ನಮ್ಮ ಊರಿನ ಹಣಕಾಸು ಸಲಹಾ ಸಮಿತಿಯಲ್ಲಿದ್ದೇನೆ. ಚಂದಾದಾರರು ಅಷ್ಟೇನೂ ಕಡಿಮೆಯಾಗಿಲ್ಲ, ಫ್ರಾಂಚೈಸಿ ಫೀ ಮಾತ್ರ ಇಳಿಯುತ್ತಿದೆ. ಎಲ್ಲಿ ಹುಡುಕಬೇಕು?

ಉತ್ತರ: ಫೀ ಎಂದರೆ ಕೇಬಲ್ ಸೇವೆಯ ಒಟ್ಟು ಆದಾಯದ ಶೇ 5, ಫೆಡರಲ್ ಕಾನೂನು ಹಾಕಿದ ಮಿತಿ ಅದು. ಡಿವ್ಕಾ ಪ್ರಕಾರ ಪ್ರತಿ ತ್ರೈಮಾಸಿಕ ಮುಗಿದ 45 ದಿನದೊಳಗೆ ಊರಿಗೆ ತಲುಪಬೇಕು.

ಮೊದಲು ನೋಡಬೇಕಾದ್ದು ಟಿವಿ, ಇಂಟರ್ನೆಟ್, ಫೋನ್ ಸೇರಿಸಿ ಮಾರುವ ಪ್ಯಾಕೇಜು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ತಿಂಗಳ ಬಿಡಿ ಬೆಲೆ ಟಿವಿಗೆ 80, ಇಂಟರ್ನೆಟ್‌ಗೆ 60, ಫೋನಿಗೆ 20, ಒಟ್ಟು 160 ಡಾಲರ್. ಪ್ಯಾಕೇಜು ಬೆಲೆ 120. ರಿಯಾಯಿತಿಯನ್ನು ಅನುಪಾತದಲ್ಲಿ ಹಂಚಿದರೆ ಟಿವಿಯ ಪಾಲು 60 ಡಾಲರ್, ಊರಿಗೆ ಬರುವ ಫೀ 3 ಡಾಲರ್. ಪೂರ್ತಿ 40 ಡಾಲರ್ ರಿಯಾಯಿತಿಯನ್ನು ಟಿವಿಯ ತಲೆಗೇ ಕಟ್ಟಿದರೆ ಉಳಿಯುವುದು 40, ಫೀ 2 ಡಾಲರ್. ಪ್ಯಾಕೇಜಿನ ಬೆಲೆಯಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಕಾಣುವುದಿಲ್ಲ. ಹತ್ತು ಸಾವಿರ ಮನೆಗಳಿದ್ದರೆ ಊರಿಗೆ ವರ್ಷಕ್ಕೆ 1,20,000 ಡಾಲರ್ ಖೋತಾ. ಫೀ ಬೀಳುವುದು ಟಿವಿಯ ಮೇಲೆ ಮಾತ್ರ, ಇಂಟರ್ನೆಟ್ ಮೇಲೆ ಇಲ್ಲ. ರಿಯಾಯಿತಿಯನ್ನು ಎತ್ತ ತಳ್ಳಿದರೆ ಲಾಭ ಎಂದು ಬೇರೆ ಹೇಳಬೇಕೆ?

ಇನ್ನೊಂದು, ವಿಳಾಸದ ಪಟ್ಟಿ. ಊರಿಗೆ ಹೊಸದಾಗಿ ಸೇರಿದ ಬಡಾವಣೆಗಳು ಕಂಪನಿಯ ಕಂಪ್ಯೂಟರಿನಲ್ಲಿ ಇನ್ನೂ ಕೌಂಟಿಯ ಲೆಕ್ಕದಲ್ಲೇ ಕೂತಿರುತ್ತವೆ. ಗಡಿ ರಸ್ತೆಯ ಒಂದು ಬದಿ ನಿಮ್ಮದು, ಇನ್ನೊಂದು ಬದಿ ಪಕ್ಕದೂರಿನದು, ಪಿನ್‌ಕೋಡ್ ಒಂದೇ ಎಂದಾದರೆ ತಪ್ಪು ಆಗಿಯೇ ಆಗುತ್ತದೆ. ನಿಮ್ಮ ಊರಿನ ಕಂಪ್ಯೂಟರ್ ನಕ್ಷೆ ನೋಡಿಕೊಳ್ಳುವ ಜಿಐಎಸ್ ವಿಭಾಗದ ವಿಳಾಸ ಪಟ್ಟಿಯನ್ನು ಕಂಪನಿಯ ಪಟ್ಟಿಯ ಜೊತೆ ತಾಳೆ ನೋಡುವುದು ಅಗ್ಗದ ಕೆಲಸ, ಅದರಿಂದಲೇ ಶುರುಮಾಡಿ. ಜಾಹೀರಾತು ಆದಾಯ, ಹೋಂ ಶಾಪಿಂಗ್ ಚಾನೆಲ್‌ಗಳ ಕಮಿಷನ್ ಲೆಕ್ಕಕ್ಕೆ ಬಂದಿದೆಯೇ ಎಂದೂ ಕೇಳಿ.

ವರ್ಷಕ್ಕೆ ಒಮ್ಮೆ ಆಡಿಟ್ ಮಾಡಿಸುವ ಹಕ್ಕು ಊರಿಗಿದೆ. ಬಾಕಿ ಶೇ 5ಕ್ಕಿಂತ ಹೆಚ್ಚು ಸಿಕ್ಕಿದರೆ ಆಡಿಟ್ ಖರ್ಚು ಕಂಪನಿಯ ಮೇಲೆ. ಅಷ್ಟು ಸಿಗದಿದ್ದರೆ ಖರ್ಚು ನಿಮ್ಮ ತಲೆಯ ಮೇಲೇ ಬೀಳಬಹುದು, ಆದ್ದರಿಂದ ವಿಳಾಸದ ತಾಳೆ ಮುಗಿಯದೆ ಲೆಕ್ಕಿಗರನ್ನು ಕರೆಯಬೇಡಿ. ತ್ರೈಮಾಸಿಕ ಮುಗಿದು 3 ವರ್ಷ 45 ದಿನ ದಾಟಿದರೆ ಆ ಬಾಕಿಯನ್ನು ಕೇಳುವಂತಿಲ್ಲ. ‘ಮುಂದಿನ ಬಜೆಟ್‌ನಲ್ಲಿ ನೋಡೋಣ’ ಎಂದು ಮುಂದೂಡಿದ ಊರುಗಳು ಹಣ ಕಳೆದುಕೊಳ್ಳುವುದು ಇಲ್ಲೇ.

ಪ್ರಶ್ನೆ: ಊರಿನ ಸಮುದಾಯ ಚಾನೆಲ್‌ನಲ್ಲಿ ರಾಜ್ಯೋತ್ಸವ ಕಾರ್ಯಕ್ರಮ ಬಿತ್ತರಿಸಬೇಕೆಂದಿದ್ದೆವು. ಸ್ಟುಡಿಯೊದಲ್ಲಿ ಕ್ಯಾಮೆರಾ ಇದೆ, ಹಿಡಿಯುವವರಿಲ್ಲ. ಈ ಚಾನೆಲ್‌ಗೆಂದೇ ಕೇಬಲ್ ಆದಾಯದ ಶೇ 1 ಹೆಚ್ಚುವರಿ ಫೀ ಬರುತ್ತದಲ್ಲ, ಅದು ಏನಾಗುತ್ತದೆ?

ಉತ್ತರ: ಆ ಶೇ 1 ಬಂಡವಾಳ ವೆಚ್ಚಕ್ಕೆ ಮಾತ್ರ. ಕ್ಯಾಮೆರಾ, ಎಡಿಟಿಂಗ್ ಯಂತ್ರ, ದೀಪ ಕೊಳ್ಳಬಹುದು. ಅದರಿಂದ ಸಂಬಳ ಕೊಟ್ಟರೆ ಆ ಮೊತ್ತ ಶೇ 5ರ ಮಿತಿಯೊಳಗೆ ಸೇರಿಬಿಡುತ್ತದೆ, ಕಂಪನಿ ಅಷ್ಟನ್ನು ಮುರಿದುಕೊಳ್ಳಬಹುದು. ಹಳೆಯ ಕರಾರುಗಳಲ್ಲಿ ಸ್ಟುಡಿಯೊ ನಡೆಸುವ ಹೊಣೆಯೂ ಕೇಬಲ್ ಕಂಪನಿಯದೇ ಆಗಿರುತ್ತಿತ್ತು. ರಾಜ್ಯ ಫ್ರಾಂಚೈಸಿ ಬಂದು ಆ ಹೊಣೆ ಕಳಚಿದ ಮೇಲೆ, 2009ರ ಆರಂಭದಲ್ಲಿ ಲಾಸ್ ಏಂಜಲೀಸ್‌ನ ಸಾರ್ವಜನಿಕ ಸ್ಟುಡಿಯೊಗಳಿಗೆ ಬೀಗ ಬಿತ್ತು. ಪೈಪೋಟಿಯ ಹೆಸರಲ್ಲಿ ಆದ ನಷ್ಟಗಳಲ್ಲಿ ಇದೇ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ. ಸದ್ಯಕ್ಕೆ ದಾರಿ: ಸಿಬ್ಬಂದಿಯ ಸಂಬಳಕ್ಕೆ ಮಾಮೂಲಿ ಶೇ 5 ಫೀಯಿಂದಲೇ ಒಂದು ಪಾಲು ಎತ್ತಿಡಿ ಎಂದು ಬಜೆಟ್ ಸಭೆಯಲ್ಲಿ ಕೇಳಿ. ಆ ಹಣ ಊರಿನ ಸಾಮಾನ್ಯ ನಿಧಿಗೆ ಬರುತ್ತದೆ, ಅದಕ್ಕೆ ಈ ಕಟ್ಟುಪಾಡಿಲ್ಲ.

ಪ್ರಶ್ನೆ: ನಾವು ಕನ್ನಡ ಚಾನೆಲ್ ನೋಡುವುದೇ ಆ್ಯಪ್‌ನಲ್ಲಿ, ಕೇಬಲ್ ಕಿತ್ತು ಹಾಕಿ ಎಷ್ಟೋ ಕಾಲವಾಯಿತು. ಸ್ಟ್ರೀಮಿಂಗ್ ಕಂಪನಿಗಳಿಂದಲೂ ಊರು ಫೀ ವಸೂಲಿ ಮಾಡಬಾರದೇಕೆ?

ಉತ್ತರ: ಹಲವು ಊರುಗಳು ಪ್ರಯತ್ನಿಸಿ ಸೋತಿವೆ. ಒಹಾಯೊದ ಮೇಪಲ್ ಹೈಟ್ಸ್ ನಗರ ನೆಟ್‌ಫ್ಲಿಕ್ಸ್, ಹುಲು ಮೇಲೆ ಹೂಡಿದ ದಾವೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ್ದು ಇಷ್ಟು: ಆ ಕಂಪನಿಗಳು ಸಾರ್ವಜನಿಕ ರಸ್ತೆಯಲ್ಲಿ ತಂತಿ ಎಳೆಯುವುದಿಲ್ಲ, ಆದ್ದರಿಂದ ಒಹಾಯೊದ ವಿಡಿಯೊ ಸೇವೆಯ ಕಾಯ್ದೆ ಅವಕ್ಕೆ ತಾಗದು, ದಾವೆ ಹೂಡುವ ಹಕ್ಕೂ ಊರಿಗಿಲ್ಲ. ನೆವಾಡದ ರೀನೊ ನಗರದ ಮೊಕದ್ದಮೆಯೂ ಅದೇ ವರ್ಷ ಫೆಡರಲ್ ಮೇಲ್ಮನವಿ ಕೋರ್ಟಿನಲ್ಲಿ ಬಿದ್ದುಹೋಯಿತು.

ಆ ತಂತಿಯಲ್ಲೇ ಹರಿಯುವ ಇಂಟರ್ನೆಟ್ ಮೇಲೆ ಫೀ ಹಾಕೋಣವೆಂದರೆ ಅದಕ್ಕೂ ಬಾಗಿಲು ಮುಚ್ಚಿದೆ. ಆರೆಗನ್‌ನ ಯೂಜೀನ್ ನಗರದ ಶೇ 7 ಶುಲ್ಕವನ್ನು 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. 2019ರಲ್ಲಿ ಫೆಡರಲ್ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಅಂಥ ಶುಲ್ಕ ಸಲ್ಲದೆಂದು ಆದೇಶಿಸಿತು, 2021ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಆ ಭಾಗವನ್ನು ಉಳಿಸಿತು. ಅದೇ ತೀರ್ಪಿನಲ್ಲಿ ಊರಿಗೆ ಸಣ್ಣ ಗೆಲುವೂ ಇದೆ: ಶಾಲೆಗಳಿಗೆ ಕೊಡುವ ಉಚಿತ ಸಂಪರ್ಕವನ್ನು ಫೀಯಲ್ಲಿ ಮುರಿದುಕೊಳ್ಳುವ ಕಂಪನಿ ಮಾರುಕಟ್ಟೆ ಬೆಲೆ ಹಾಕುವಂತಿಲ್ಲ, ತನಗೆ ತಗಲುವ ಹೆಚ್ಚುವರಿ ಖರ್ಚನ್ನಷ್ಟೇ ಹಾಕಬೇಕು. ನಿಮ್ಮ ಊರಿಗೆ ಅಂಥ ಕಡಿತದ ನೋಟಿಸ್ ಬಂದಿದ್ದರೆ ಆ ಅಂಕಿ ಯಾವ ಲೆಕ್ಕದಲ್ಲಿ ಬಂತು ಎಂದು ಸಿಟಿ ಅಟಾರ್ನಿಯಿಂದ ಲಿಖಿತವಾಗಿ ಕೇಳಿಸಿ.